ಹದಿನಾಲ್ಕನೇ ಸಾಲಿನ ಬೀನ್ಸ್

ಅಕ್ಕ ತಂಗಿ ಇಬ್ಬರಿಗೂ ಒಂದೇ ಬೀಜದ ಕಂಪನಿಯಲ್ಲಿ ಕೆಲಸ. ತಂಗಿ ಪ್ರಯೋಗಾಲಯದ ವಿಜ್ಞಾನಿ; ಅಕ್ಕ ಗಾಜಿನ ಮನೆಯಲ್ಲಿ ಗಿಡ ನೋಡಿಕೊಳ್ಳುವವಳು. ಬೆಳಿಗ್ಗೆ ಒಂದೇ ಬಸ್ಸಿಗೆ ಬಂದು ಗೇಟು ದಾಟುತ್ತಲೇ ಒಬ್ಬಳು ಬಿಳಿ ಕೋಟು ತೊಡುತ್ತಿದ್ದಳು, ಇನ್ನೊಬ್ಬಳು ರಬ್ಬರ್ ಬೂಟು.

ಹದಿನಾಲ್ಕನೇ ಸಾಲಿನ ಬೀನ್ಸ್ ಗಿಡ ಮೊದಲು ಕಂಡದ್ದು ಅಕ್ಕನ ಕಣ್ಣಿಗೆ. ಸುತ್ತಲಿನ ಎಲೆಗಳೆಲ್ಲ ತುಕ್ಕು ರೋಗ ಬಡಿದು ಕಂದು ಪುಡಿ ಉದುರಿಸುತ್ತಿದ್ದರೆ, ಅದೊಂದು ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಹಸಿರಾಗಿತ್ತು. "ಇದನ್ನ ಸ್ವಲ್ಪ ನೋಡೇ" ಎಂದು ತಂಗಿಯ ಕೈಹಿಡಿದು ಕರೆತಂದವಳೂ ಅವಳೇ. ಪ್ರಯೋಗಕ್ಕೆ ಬೇಕಾದಷ್ಟು ತೆಗೆದಿಟ್ಟ ಮೇಲೆ ಆ ಗಿಡದ ಮಿಕ್ಕ ಕಾಯಿಗಳು ಕಸಕ್ಕೆ ಹೋಗುತ್ತಿದ್ದವು. ಮನಸ್ಸು ತಡೆಯದೆ ಅಕ್ಕ ಅವನ್ನು ಆಯ್ದು ಪಕ್ಕದ ಮನೆಯ ತರಕಾರಿ ಬೆಳೆಯುವಾಕೆಗೂ ಅವಳ ಜೊತೆಯವರಿಗೂ ಕೊಟ್ಟಳು. ಯಾರಿಗೆ, ಯಾವತ್ತು ಕೊಟ್ಟೆನೆಂದು ಒಂದು ಪುಸ್ತಕದಲ್ಲಿ ಬರೆದಿಟ್ಟು ಅವರಿಂದ ಸಹಿಯನ್ನೂ ಹಾಕಿಸಿಕೊಂಡಳು.

ಮೂರು ವರ್ಷದ ಮೇಲೆ ಕಂಪನಿ ಆ ಗಿಡಕ್ಕೆ ಪೇಟೆಂಟ್ ಕೇಳಿತು. ಬೀಜ ಮೊದಲೇ ಹೊರಗೆ ಹೋಗಿದ್ದರೆ ಪೇಟೆಂಟ್ ಸಿಗದು; ಹೋಗಿದೆಯೇ ಎಂದು ಕಂಪನಿಯ ವಕೀಲರು ವಿಚಾರಿಸಿದಾಗ ಅಕ್ಕ "ಇಲ್ಲ" ಎಂದುಬಿಟ್ಟಳು. ಅರ್ಜಿಯಲ್ಲಿ ತನ್ನ ಹೆಸರೂ ಇರುತ್ತದೆಂದು ಅವಳು ನಂಬಿದ್ದಳು. ಇದ್ದದ್ದು ತಂಗಿಯ ಹೆಸರೊಂದೇ.

ಪೇಟೆಂಟ್ ಸಿಕ್ಕಿದ್ದೇ, ಬೀಜ ಉಳಿಸಿಕೊಂಡು ಬಿತ್ತಬಾರದೆಂದು ಬೆಳೆಗಾರರಿಗೆ ಕಂಪನಿಯ ನೋಟಿಸು ಬಂತು. ಪಕ್ಕದ ಮನೆಯಾಕೆ ಓಡಿಬಂದಳು. "ಇಷ್ಟು ವರ್ಷದಿಂದ ಒಂದು ಹನಿ ಔಷಧಿ ಹೊಡೆದಿಲ್ಲ. ಮಣ್ಣಲ್ಲಿ ಎರೆಹುಳ ವಾಪಸ್ ಬಂದಿದೆ. ಈಗ ಕಿತ್ತು ಬಿಸಾಕಲಾ?"

ಅಕ್ಕ ಸಹಿಗಳಿದ್ದ ಪುಸ್ತಕವನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದಳು. ಎರಡು ವಾರ ಹಾಗೇ ಕಳೆಯಿತು. ಒಂದು ಭಾನುವಾರ ಅಮ್ಮನ ಮನೆಗೆ ಹೋದರೆ, ತಂಗಿ ಆ ಗಿಡದ ಪಕ್ಕ ನಗುತ್ತಾ ನಿಂತ ಫೋಟೊ ಕಟ್ಟು ಹಾಕಿಸಿಕೊಂಡು ಗೋಡೆ ಏರಿತ್ತು. "ನಮ್ಮನೇಲಿ ಇವಳೊಬ್ಬಳು ಹೆಸರು ತಂದಳು" ಎಂದಳು ಅಮ್ಮ, ಚಹಾ ಬಗ್ಗಿಸುತ್ತಾ. ಅಕ್ಕ ಚಹಾ ಮುಟ್ಟದೆ ಎದ್ದು ಹೊರಟಳು. ಮಾರನೆಯ ದಿನವೇ ಆ ಪುಸ್ತಕ ಬೆಳೆಗಾರರ ವಕೀಲರ ಕೈಸೇರಿತು.

ವಿಚಾರಣೆಯ ಕೋಣೆಯಲ್ಲಿ ತಂಗಿ ಎದುರಿಗೇ ಕೂತಿದ್ದಳು. ಅಕ್ಕ ತಡವರಿಸದೆ ತಾರೀಕುಗಳನ್ನು ಓದಿದಳು. ಮೊದಲು ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡಳು. ಅರ್ಜಿಗೆ ಮುಂಚೆಯೇ ಹತ್ತು ಹೊಲಗಳಲ್ಲಿ ಬೆಳೆದದ್ದು ಹೊಸದು ಹೇಗಾದೀತು? ಪೇಟೆಂಟ್ ಬಿದ್ದುಹೋಯಿತು. ಅಕ್ಕನ ಕೆಲಸವೂ ಹೋಯಿತು. ಬೆಳೆಗಾರರು ಅವಳನ್ನು ತಬ್ಬಿಕೊಂಡು "ನಮಗೋಸ್ಕರ ಹೊಟ್ಟೆಪಾಡು ಕಳಕೊಂಡೆಯಲ್ಲಮ್ಮಾ" ಎಂದು ಕಣ್ಣೀರಿಟ್ಟರು. ಅವಳು ನಾಚಿಕೆಯಿಂದ ನೆಲ ನೋಡಿದಳು.

ಮೆಟ್ಟಿಲ ಹತ್ತಿರ ತಂಗಿ ತಡೆದಳು. "ನಿನ್ನ ಹೆಸರು ಸೇರಿಸಿ ಅಂತ ಎರಡು ಸಲ ಬರೆದೆ ಕಣೇ. ಗಿಡ ನೋಡ್ಕೊಳ್ಳೋರ ಹೆಸರು ಹಾಕಲ್ಲ ಅಂದ್ರು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳಲಿ? ಅವರು ಬೇಡ ಅಂದ ಮೇಲೂ ನಾನು ಸಹಿ ಹಾಕಿದ್ನಲ್ಲ."

ತಂಗಿ ಕಾರಿನ ಕಡೆ ಹೋದಳು.

ಅಕ್ಕ ಈಗ ಪಕ್ಕದ ಮನೆಯಾಕೆಯ ಜೊತೆ ಬೀಜ ಆರಿಸುತ್ತಾಳೆ. ಮೊನ್ನೆ ಅಮ್ಮ ಫೋನು ಮಾಡಿ, ತಂಗಿಗೆ ಬೇರೆ ಕಡೆ ಇನ್ನೂ ದೊಡ್ಡ ಕೆಲಸ ಸಿಕ್ಕಿತೆಂದಳು. ಅಕ್ಕನಿಗೆ ಒಳಗೆ ಚುರುಕ್ಕೆಂದಿತು. "ಒಳ್ಳೇದಾಯ್ತು ಬಿಡು" ಎಂದಳು. ಅಷ್ಟು ಹೇಳಲು ಅವಳಿಗೆ ಅರ್ಧ ನಿಮಿಷ ಹಿಡಿಯಿತು.