ಅಳಲೆಕಾಯಿ ಹರಳಿನೊಳಗಿನ ನೀರು

ನಾನು ಒಂದು ಹರಳು. ಅಕ್ಕಿಕಾಳಿನ ಅರ್ಧದಷ್ಟೂ ಇಲ್ಲ. ಸಕ್ಕರೆ ಚೂರು ಎಂದುಕೊಂಡು ಊದಿ ಹಾರಿಸುವವರೇ ಹೆಚ್ಚು. ಅಂಥವರ ಜೊತೆ ನನಗೆ ಮಾತಿಲ್ಲ.

ನನ್ನ ಮೂಲ ಅಳಲೆಕಾಯಿ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ನೀಲಾಂಬಿಕಾ ಅದನ್ನು ಕುಟ್ಟಿ, ಆಮ್ಲದಲ್ಲಿ ಕುದಿಸಿ, ಇದ್ದಿಲ ಪುಡಿ ಹಾಕಿ ಸೋಸಿ ಗ್ಯಾಲಿಕ್ ಆಮ್ಲ ತೆಗೆದಳು. ಬಿಸಿನೀರಿನಲ್ಲಿ ಕರಗಿಸಿ, ಅಲುಗಾಡದ ಹಾಗೆ ಮೂಲೆಯಲ್ಲಿಟ್ಟಳು. ನೀರು ಆರುತ್ತ ಹೋದಂತೆ ನಾವು ಹುಟ್ಟಿದೆವು. ಯಾರೂ ಅಪ್ಪಣೆ ಕೊಡಲಿಲ್ಲ, ಯಾರೂ ನೂಲು ಹಿಡಿಯಲಿಲ್ಲ. ಕೋಟಿ ಕೋಟಿ ಅಣುಗಳು ತಾವಾಗಿಯೇ ಬಂದು ಸಾಲಾಗಿ ನಿಂತವು. ನೆನೆದರೆ ನನಗೇ ಮೈ ಜುಮ್ಮೆನ್ನುತ್ತದೆ.

ಆ ಸಾಲುಗಳನ್ನು ಎಕ್ಸ್‌ರೇ ಯಂತ್ರದಲ್ಲಿ ನೋಡಬೇಕೆಂಬುದು ಅವಳ ಆಸೆ. ಯಂತ್ರ ಅವಳ ಪಾಲಿಗೆ ಸಿಗುವುದು ಬರುವ ಸೋಮವಾರ ಮಾತ್ರ. ತಪ್ಪಿದರೆ ಮತ್ತೆ ಆರು ತಿಂಗಳು ಕಾಯಬೇಕು. ಅದಕ್ಕೆ ಇಡಿಯಾದ ಹರಳೇ ಬೇಕು, ಪುಡಿ ನಡೆಯುವುದಿಲ್ಲ.

ಅವಳ ಮಾರ್ಗದರ್ಶಕರಾದ ಇನಾಮದಾರ ಸರ್ ನಮ್ಮ ಶುದ್ಧತೆಯ ಪರೀಕ್ಷೆಯ ಅಂಕಿ ನೋಡಿ ಕಾಗದವನ್ನು ಮೇಜಿಗೆ ಬಡಿದರು.

"ತೂಕದಾಗ ನೂರಕ್ಕ ಹತ್ತು ಪಾಲು ಬ್ಯಾರೆ ಏನೋ ಐತಿ. ಹಸೀದ ತಂದಿಯೇನವಾ?"

"ಮೂರು ದಿನ ಗಾಳಿಗಿಟ್ಟೇನ್ರಿ ಸರ್."

"ಗಾಳಿಗಿಟ್ರ ಹಪ್ಪಳ ಒಣಗ್ತಾವು. ಓವನ್ನಾಗ ಇಡು! ಇಂಥಾ ಅಶುದ್ಧ ಮಾಲು ಯಂತ್ರಕ್ಕ ಏರಸಾಂಗಿಲ್ಲ."

ಅವಳು ನನ್ನ ಒಡಹುಟ್ಟಿದವರನ್ನು ಓವನ್ನಿನಲ್ಲಿಟ್ಟಳು. ಬೆಳಿಗ್ಗೆ ಗಾಜಿನಂತಿದ್ದವರು ಮಧ್ಯಾಹ್ನಕ್ಕೆ ಸುಣ್ಣದಂತೆ ಬೆಳ್ಳಗಾದರು. ಚಿಮುಟ ತಾಗಿದ್ದೇ ತಡ, ಉದುರಿಬಿದ್ದರು. ಬಾಯಿದ್ದಿದ್ದರೆ ಆ ಸರ್‌ಗೆ ಅಲ್ಲೇ ಬೈದುಬಿಡುತ್ತಿದ್ದೆ.

ಶನಿವಾರ ನಾವು ಉಳಿದದ್ದು ಆರೇ ಹರಳು. ನೀಲಾಂಬಿಕಾ ಕಣ್ಣು ತುಂಬಿಕೊಂಡು ನಮ್ಮನ್ನೂ ಓವನ್ನಿನತ್ತ ಒಯ್ದಳು. ಪಕ್ಕದಲ್ಲಿ ಗಾಜಿನ ನಳಿಕೆ ತೊಳೆಯುತ್ತಿದ್ದ ಸಹಾಯಕ ಬಸೆಟ್ಟೆಪ್ಪ ಹಿಂದಿನ ದಿನದ ಪುಡಿಯನ್ನು ಬಗ್ಗಿ ನೋಡಿದ.

"ಅಕ್ಕಾರ, ಇದು ಮೈಲುತುತ್ತದ ನೀಲಿ ಹರಳು ಕಾಸಿದಂಗ ಆತಲ್ರಿ. ವರ್ಷಾ ವರ್ಷಾ ಹುಡುಗೂರಿಗೆ ತೋರಸಾಕ ನಾನ ಅದನ್ನ ಉರಿಗೆ ಇಡತೀನಿ. ಕಾಸಿದ್ರ ಒಳಗಿನ ನೀರು ಹೋಗಿ ಬೆಳ್ಳನ ಪುಡಿ ಆಗತೈತಿ."

ಅವಳು ಓವನ್ನಿನ ಬಾಗಿಲು ಹಿಡಿದು ನಿಂತುಬಿಟ್ಟಳು. ಆಮೇಲೆ ನಮ್ಮಲ್ಲೊಬ್ಬನನ್ನು ನಳಿಕೆಗೆ ಹಾಕಿ ಉರಿಗೆ ಹಿಡಿದಳು. ಮೇಲಿನ ತಣ್ಣನೆಯ ಗಾಜಿನ ಮೇಲೆ ಸಣ್ಣ ಹನಿಗಳು ಕೂತವು. ಓಡಿಹೋಗಿ, ಆ ಹತ್ತು ಪಾಲನ್ನು ನೀರೆಂದೇ ಹಿಡಿದು ಲೆಕ್ಕ ಹಾಕಿದಳು. ಆಮ್ಲದ ಒಂದು ಅಣುವಿಗೆ ಸರಿಯಾಗಿ ನೀರಿನ ಒಂದು ಅಣು.

"ಬಸೆಟ್ಟೆಪ್ಪಣ್ಣಾ, ಇದು ಹೊರಗಿನ ತ್ಯಾವ ಅಲ್ರಿ. ಈ ನೀರು ಹರಳಿನ ಮನಿ ಮಂದೀನ!"

ಸೋಮವಾರ ನನ್ನನ್ನು ಒಣಗಿಸದೆ, ಸರ್‌ಗೆ ಹೇಳದೆ, ಕೂದಲೆಳೆಯಂಥ ಗಾಜಿನ ತುದಿಗೆ ಅಂಟಿಸಿ ಯಂತ್ರಕ್ಕೆ ಏರಿಸಿದಳು. ಕಿರಣಗಳು ನನ್ನ ಮೈ ತೂರಿಹೋದವು. ಮರುದಿನ ಕಂಪ್ಯೂಟರ್ ತೆರೆಯ ಮೇಲೆ ನನ್ನ ಒಳಮನೆ ಮೂಡಿತು. ಚಪ್ಪಟೆ ಅಣುಗಳ ಸಾಲು, ನಡುನಡುವೆ ನೀರು. ಆ ನೀರು ಎರಡು ಕೈ ಚಾಚಿ ಇಬ್ಬರು ನೆರೆಯವರನ್ನು ಹಿಡಿದಿತ್ತು, ಇನ್ನೊಬ್ಬ ನೆರೆಯವನು ಚಾಚಿದ ಕೈ ಅದನ್ನು ಹಿಡಿದಿತ್ತು. ಇದಕ್ಕೆ ಹೈಡ್ರೋಜನ್ ಬಂಧ ಎನ್ನುತ್ತಾರೆ. ಒಂದೊಂದಾಗಿ ನೋಡಿದರೆ ಸಡಿಲು ಹಿಡಿತ. ಎಲ್ಲರೂ ಹಿಡಿದಿದ್ದರಿಂದ ನಾನು ನಿಂತಿದ್ದೆ.

ಸುದ್ದಿ ಕೇಳಿ ಸಿಟ್ಟಿನಿಂದಲೇ ಬಂದ ಇನಾಮದಾರ ಸರ್ ತೆರೆಯ ಮುಂದೆ ಬಗ್ಗಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಒಣಗಸು ಒಣಗಸು ಅಂತ ಮನೀ ಕಂಬಾನ ಕೀಳಸಾಕತ್ತಿದ್ನಲ್ಲವಾ ನಾನು."

"ಹೌದ್ರಿ ಸರ್," ಎಂದಳು ನೀಲಾಂಬಿಕಾ. ಇರಲಿ ಬಿಡಿ ಎನ್ನಲಿಲ್ಲ.

ಈಗ ನಾನು ಬಿರಡೆ ಹಾಕಿದ ಗಾಜಿನ ಕೊಳವೆಯಲ್ಲಿ, ಅವಳ ಕಪಾಟಿನ ಮೂಲೆಯಲ್ಲಿದ್ದೇನೆ. ಹನ್ನೊಂದು ವರ್ಷವಾಯಿತು. ಒಂದು ಅಂಚು ಬೆಳ್ಳಗಾಗುತ್ತಿದೆ, ಅಲ್ಲಿಂದ ನೀರು ಒಂದೊಂದಾಗಿ ಹೊರಟಿದೆ. ಹೋಗಲಿ. ಹರಿಯುವುದು, ಆರುವುದು, ಆವಿಯಾಗುವುದು ನೀರಿನ ಸ್ವಭಾವ. ಅದು ಇಷ್ಟು ವರ್ಷ ಕೈ ಬಿಡದೆ ಒಂದೇ ಜಾಗದಲ್ಲಿ ನಿಂತದ್ದನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?