ಅವನ ಬದಲಿಗೆ

ಪಾಸ್ಟರ್ ತಲೆಯ ಹಿಂದೆ ಗೋಡೆಯ ಬಣ್ಣ ಉಬ್ಬಿದೆ, ಪುಟ್ಟಿ ಆರುವ ಮೊದಲೇ ಬಳಿದಿದ್ದಾರೆ, ಯಾರೋ ಅವಸರದವರು, ಎಂದುಕೊಂಡ ಪೇಂಟರ್ ರವಿಚಂದ್ರ, ಅಂದುಕೊಂಡವನೇ ನಾಚಿದ, ಶುಭ ಶುಕ್ರವಾರದ ಆರಾಧನೆಯಲ್ಲಿ ಕೂತು ನೋಡುವುದು ಇದನ್ನೇ, ಅವಸರದ ಮಾತು ತಾನು ಆಡಬಹುದೇ — ಆ ಶಿಲುಬೆ ನನ್ನದು, ನಿಮ್ಮದು, ನಮ್ಮ ಬದಲಿಗೆ ಆತ ಏರಿದ, ಎಲ್ಲವೂ ತಂದೆಯ ಚಿತ್ತ, ಎನ್ನುತ್ತಿದ್ದಾರೆ ಪಾಸ್ಟರ್, ಬದಲಿಗೆ ಎಂದೊಡನೆ ನೆನಪಾಗುವುದು ಬೋಗಾದಿಯ ಆ ಮೂರಂತಸ್ತಿನ ಮನೆ, ಹೋದ ವರ್ಷ, ಗುರುವಾರ ಸಂಜೆ ಹೊರಗೋಡೆಗೆ ಸಾರುವೆ ಕಟ್ಟಿದವನು ತಾನೇ, ಬೊಂಬಿಗೆ ಮೂರು ಸುತ್ತು ಬಿಗಿಯಬೇಕಿದ್ದ ಹಗ್ಗವನ್ನು ಒಂದೇ ಸುತ್ತು ಸುತ್ತಿ ಬಿಟ್ಟ, ಕಟ್ಟಿದವನೇ ಮೊದಲು ಹತ್ತುವುದು ಕೆಲಸದವರ ರೂಢಿ, ನಾಳೆ ಹತ್ತುವಾಗ ಸರಿಮಾಡಿದರಾಯಿತು — ಬೆಳಿಗ್ಗೆ ಎದ್ದರೆ ಉಪವಾಸ ಪ್ರಾರ್ಥನೆಯ ನೆನಪಾಯಿತು, ಹಗ್ಗದ್ದು ಆಗಲಿಲ್ಲ, ಆಗಲಿಲ್ಲವೇ, ಆಗಿತ್ತೇನೋ, ಇವತ್ತು ಕೆಲಸಕ್ಕೆ ಬರುವುದಿಲ್ಲ ಎಂದಾಗ ಫೋನಿನಲ್ಲಿ ಜೊತೆಯ ಪೇಂಟರ್ ಲೋಕೇಶ ನಕ್ಕ, ಹೋಗ್ಬನ್ನಿ ರವಣ್ಣ, ನಿಮ್ ಯೇಸುಗೆ ನನ್ ಹೆಸ್ರೂ ಒಸಿ ಹೇಳಿ, ನಿಮ್ ಬದ್ಲು ನಾನೇ ಹತ್ಬುಡ್ತೀನಿ.

ಹತ್ತಿದ, ಬಿದ್ದ, ಬೆನ್ನುಮೂಳೆ ಮುರಿಯಿತು, ಆ ಭಾನುವಾರವೇ ರವಿಚಂದ್ರ ಇಲ್ಲಿ ಮೈಕ್ ಹಿಡಿದು ಸಾಕ್ಷಿ ಹೇಳಿದ, ಬೀಳಬೇಕಾದವನು ನಾನು, ಪ್ರಾರ್ಥನೆಗೆ ಕರೆತಂದು ದೇವರು ಉಳಿಸಿದ, ಹಗ್ಗದ ಮಾತು ನುಂಗಿಕೊಂಡ — ಎಲ್ಲವೂ ಆತನ ಚಿತ್ತವಾದರೆ ಆ ಒಂದು ಸುತ್ತೂ ಆತನದೇ, ಇಲ್ಲ, ಕೈ ತನ್ನದು, ಯೇಸು ತಿಳಿದೇ ಏರಿದ, ಲೋಕೇಶನಿಗೆ ಏನು ತಿಳಿದಿತ್ತು — ಬ್ರದರ್ ರವಿಚಂದ್ರ, ನಿಮ್ಮ ಸಾಕ್ಷಿ ಇನ್ನೊಂದ್ಸಲ ಹೇಳಿ, ಲೋಕೇಶ್ ತಾಯಿನೂ ಬಂದವ್ರೆ ಇವತ್ತು, ಪಾಸ್ಟರ್ ಕರೆದರು, ಹೌದು, ಕೊನೆಯ ಸಾಲಿನಲ್ಲಿ ಸಿದ್ದಲಿಂಗಮ್ಮ, ಮಗ ಎದ್ದು ನಡೆದರೆ ಸಾಕು, ಯಾವ ದೇವರಾದರೂ ಸರಿ ಎಂದು ಬಂದು ಕೂತಿದ್ದಾಳೆ, ಎದ್ದು ಹೋಗಿ ಮೈಕ್ ಹಿಡಿದ, ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರ, ತಪ್ಪು ನಂದು, ಅವನು ಬಿದ್ದಿದ್ದು ನನ್ನಿಂದ — ಸ್ತೋತ್ರ, ಎಂದಿತು ಸಭೆ, ಪಾಪದ ಅರಿಕೆಯೆಂದು ಎಲ್ಲರೂ ಕಣ್ಮುಚ್ಚಿ ತಲೆದೂಗಿದರು, ಅಂಗಲ್ಲ ಕಣ್ರೀ, ನಿಜವಾಗ್ಲೂ, ಹಗ್ಗ ಸರ್ಯಾಗಿ ಕಟ್ಟಿರ್ನಿಲ್ಲ ನಾನು, ಸ್ತೋತ್ರ, ಸ್ತೋತ್ರ, ಇನ್ನೂ ಜೋರಾಗಿ, ಕಣ್ಣು ತೆರೆದಿದ್ದವಳು ಒಬ್ಬಳೇ, ಯಾವ್ ಹಗ್ಗ ಕಣಪ್ಪ, ಸಿದ್ದಲಿಂಗಮ್ಮ ಕೇಳಿದಳು, ಮತ್ತೆ ಅದೇ ಕಂಡಿತು, ಅವರ ಮನೆಗೆ ಹೋಗಿ ಬಂದಾಗಿನಿಂದ ದಿನವೂ ಕಾಣುವುದು, ಸಿದ್ದಲಿಂಗಮ್ಮ ಎರಡೂ ಕೈಯಿಂದ ಒಂದೊಂದಾಗಿ ಎತ್ತಿ ದಿಂಬಿನ ಮೇಲಿಟ್ಟ ಮಗನ ಪಾದಗಳು, ಆಕೆ ಇಟ್ಟ ಹಾಗೆಯೇ ಇರುವ ಪಾದಗಳು, ಇಟ್ಟ ಹಾಗೆಯೇ