ಬಾಗಿಲಲ್ಲಿ ಅತ್ತೆ ಏನೆಂದಳು?

ಮನೋರಮಾ ಇಂಡೊನೇಷ್ಯಾದ ಧಾರಾವಾಹಿಗೆ ಅಂಟಿಕೊಂಡದ್ದು ಮಗಳು ತನ್ವಿಯ ದೆಸೆಯಿಂದ. ದಿಲ್ಲಿಯ ಕಾಲೇಜಿನಲ್ಲಿ ಗೆಳತಿಯರೆಲ್ಲ ಈಗ ಕೊರಿಯಾದ್ದು ಬಿಟ್ಟು ಜಕಾರ್ತದ ಸೀರಿಯಲ್ಲು, ದೆವ್ವದ ಸಿನಿಮಾ ನೋಡುತ್ತಿದ್ದಾರೆಂದು ಅವಳು ಯೂಟ್ಯೂಬಿನಿಂದ ಒಂದನ್ನು ಟೀವಿಗೆ ಹಾಕಿದಳು. ಅವಳಿಗೆ ಬೇಗ ಬೇಸರವಾಯಿತು. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಮನೋರಮಾ ಮಾತ್ರ ಕಿವಿ ನಿಮಿರಿಸಿದರು.

“ತನ್ವಿ, ಗಂಡನಿಗೆ ‘ಸುಆಮಿ’ ಅಂದಳಲ್ಲೇ! ನಮ್ಮ ಸ್ವಾಮಿ ತಾನೇ ಅದು?”

“ಪತಾ ನಹೀ ಅಮ್ಮಾ, ಇರಬಹುದು.”

ಅಂದಿನಿಂದ ಮನೋರಮಾ ಕಥೆಯ ಜೊತೆಗೆ ಮಾತುಗಳನ್ನೂ ಹಿಡಿಯತೊಡಗಿದರು. ಮುಖಕ್ಕೆ ‘ಮುಕ’, ಭಾಷೆಗೆ ‘ಬಹಾಸ’, ಹೆಂಡತಿಗೆ ‘ಇಸ್ತ್ರಿ’. ಸಚಿವಾಲಯದಿಂದ ಬಂದ ಗಂಡ ಕೇಶವಮೂರ್ತಿಯವರಿಗೂ ವರದಿ ಒಪ್ಪಿಸಿದರು.

“ನಮ್ಮ ಮನೇಲಿ ಇಸ್ತ್ರಿ ಮಾಡೋದು ನಾನು. ಅದನ್ನೂ ಹೇಳು ಅವರಿಗೆ,” ಎಂದರು ಅವರು.

ಕಥೆ ಅತ್ತೆ ಸೊಸೆಯರದು. ಮಾತಿಗೊಮ್ಮೆ ಕುಟುಕುವ ಅತ್ತೆ, ನುಂಗಿಕೊಂಡು ಬಾಳುವ ಸೊಸೆ. ಕೊನೆಯ ಕಂತಿನಲ್ಲಿ ಸೊಸೆ ಸೂಟ್‌ಕೇಸ್ ಹಿಡಿದು ಹೊರಟಳು. ಅತ್ತೆ ಬಾಗಿಲಿಗೆ ಅಡ್ಡ ನಿಂತು ಏನೋ ಒಂದು ಮಾತು ಅಂದಳು. ಸೊಸೆ ಸೂಟ್‌ಕೇಸ್ ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮುಗಿಯಿತು. ಅಷ್ಟು ದಿನ ಇದ್ದ ಇಂಗ್ಲಿಷ್ ಸಬ್‌ಟೈಟಲ್ ಆ ಕಂತಿಗೆ ಮಾತ್ರ ಇರಲಿಲ್ಲ.

“ಏನಂದಳೇ ಅವಳು?”

“ಮುಝೆ ಕ್ಯಾ ಪತಾ, ಅಮ್ಮಾ! ಬೈದಿರಬೇಕು.”

ಮನೋರಮಾಗೂ ಹಾಗೇ ಅನಿಸಿತು. ಆದರೆ ಬೈಗುಳಕ್ಕೆ ಯಾರಾದರೂ ಸೂಟ್‌ಕೇಸ್ ಕೆಳಗಿಡುತ್ತಾರೆಯೇ? ಒಗ್ಗರಣೆ ಹಾಕುವಾಗಲೂ ಅದೇ ಯೋಚನೆ.

ಒಂದು ಶನಿವಾರ ಸರೋಜಿನಿ ಮಾರ್ಕೆಟ್ಟಿನಲ್ಲಿ ಕುರ್ತಾ ರಾಶಿ ಕೆದಕುತ್ತಿದ್ದಾಗ, ಪಕ್ಕದಲ್ಲೊಬ್ಬ ಹೆಂಗಸು ಫೋನಿನಲ್ಲಿ ಮಾತಾಡುತ್ತಿದ್ದಳು. ತಲೆಗೆ ನೀಲಿ ಸ್ಕಾರ್ಫು, ಕೈತುಂಬ ಚೀಲ. ಮಾತಿನ ನಡುವೆ ‘ಸುಆಮಿ’ ಬಂತು. ಮನೋರಮಾ ಕುರ್ತಾ ಬಿಟ್ಟು ಅವಳ ಹಿಂದೆಯೇ ಹೋದರು. ಅವಳು ಫೋನ್ ಕೆಳಗಿಳಿಸಿದ್ದೇ ಹಿಂದಿಯಲ್ಲಿ ಕೇಳಿಬಿಟ್ಟರು: “ನೀವು ಇಂಡೊನೇಷ್ಯಾದವರಾ? ಒಂದು ಮಾತಿನ ಅರ್ಥ ಹೇಳ್ತೀರಾ?”

ಅವಳು ಬೆಚ್ಚಿದಳು, ಆಮೇಲೆ ನಕ್ಕಳು. ಹೆಸರು ರೆತ್ನೊ. ಗಂಡನಿಗೆ ಚಾಣಕ್ಯಪುರಿಯ ರಾಯಭಾರ ಕಚೇರಿಯಲ್ಲಿ ಕೆಲಸ. ಅಂಗಡಿಯವರ ಹತ್ತಿರ ಚೌಕಾಸಿ ಮಾಡುತ್ತಲೇ ಕಲಿತ ಹಿಂದಿ.

“ರತ್ನ!” ಎಂದರು ಮನೋರಮಾ. “ನಮ್ಮ ಕಡೆಯ ಹೆಸರು.”

ಚಾಯ್ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತರು. ಮನೋರಮಾ ಫೋನಿನಲ್ಲಿ ಆ ದೃಶ್ಯ ಹಾಕಿದರು. ರೆತ್ನೊ ಒಮ್ಮೆ ಕೇಳಿದಳು, ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಇನ್ನೊಮ್ಮೆ ಕೇಳಿದಳು.

“‘ಮಾಕಾನ್ ದುಲು’ ಅಂತಾಳೆ. ಮೊದಲು ಊಟ ಮಾಡು, ಅಂತ.”

“ಅಷ್ಟೇನಾ?”

“ಅಷ್ಟೇ. ಹೋಗಬೇಡ ಅನ್ನೋಕೆ ಅವಳಿಗೆ ಬಾಯಿ ಬರಲ್ಲ. ಅದಕ್ಕೆ ಊಟದ ಮಾತು.”

ಮನೋರಮಾ ಆ ದೃಶ್ಯವನ್ನು ಮತ್ತೆ ನೋಡಿದರು. ಸಿಡುಕಿನಂತೆ ಕಂಡಿದ್ದ ಅದೇ ಮುಖ ಈಗ ಅಳು ತಡೆದುಕೊಂಡಂತಿತ್ತು. ಕಣ್ಣು ಮಂಜಾಗಿ ಸೆರಗಿನಿಂದ ಒರೆಸಿಕೊಂಡರು. ರೆತ್ನೊ ಚಹಾದ ಲೋಟವನ್ನು ಅವರ ಕೈಗಿತ್ತಳು.

ಆಮೇಲಿನ ಭಾನುವಾರ ರೆತ್ನೊ ಮನೋರಮಾ ಮನೆಗೆ ಬಂದಳು. ಬಿಸಿಬೇಳೆಬಾತ್ ತಿನ್ನುತ್ತಿರುವಾಗಲೇ ಅವಳ ಊರು ಸೋಲೊದಿಂದ ತಾಯಿಯ ವೀಡಿಯೊ ಕರೆ ಬಂತು. ಆ ಮುದುಕಿಗೆ ಡಬ್ ಆದ ಭಾರತದ ಧಾರಾವಾಹಿಗಳೆಂದರೆ ಪ್ರಾಣವಂತೆ. ಮನೋರಮಾರನ್ನು ಕಂಡದ್ದೇ ಅವರು ಫೋನಿಗೆ ಮುಖ ತಾಗಿಸಿ ಗಡಿಬಿಡಿಯಿಂದ ಏನೋ ಕೇಳಿದರು.

ರೆತ್ನೊ ನಗು ತಡೆಯಲಾರದೆ ಹೇಳಿದಳು: “ನಿಮ್ಮ ದೇಶದ ಅತ್ತೆಯರು ನಿಜವಾಗಲೂ ಒಡವೆಯೆಲ್ಲ ಹಾಕಿಕೊಂಡೇ ಮಲಗುತ್ತಾರಾ? ಚುಚ್ಚುವುದಿಲ್ಲವಾ? ಅಮ್ಮ ವರ್ಷಗಳಿಂದ ಯಾರನ್ನಾದರೂ ಕೇಳಬೇಕು ಅಂತಿದ್ದಾರೆ.”

ಮನೋರಮಾ ತಮ್ಮ ಬರಿಗೈ ಎತ್ತಿ ಫೋನಿಗೆ ತೋರಿಸಿದರು. ಸೋಲೊದ ಮುದುಕಿ ಅದನ್ನು ನೋಡಿ, ನಂಬದವರಂತೆ ಇನ್ನೊಂದು ಕೈಯನ್ನೂ ತೋರಿಸಲು ಹೇಳಿದರು.